ಹೆಸರಿಲ್ಲದ ಅಳತೆ

ಮಕ್ತಲ್‌ನಲ್ಲಿ ನನ್ನದು ರವಿಕೆ ಹೊಲಿಯುವ ಅಂಗಡಿ. ಮದುವೆ ಕಾಲದಲ್ಲಿ ಕೆಲಸ ಹೆಚ್ಚಾದರೆ ಗದ್ವಾಲದ ಟೈಲರ್ ಒಬ್ಬರಿಗೆ ಬಟ್ಟೆ ಕಳಿಸಿ, ಗಿರಾಕಿಗಳ ಹೆಸರು, ಅಳತೆ ಬರೆದ ಪುಸ್ತಕದ ಫೋಟೊವನ್ನೂ ಮೊಬೈಲ್‌ನಲ್ಲಿ ಕಳಿಸುತ್ತಿದ್ದೆ. ಒಮ್ಮೆ ಅದನ್ನು ಕಂಡ ಗಿರಾಕಿ ಟೀಚರಮ್ಮ ಕೇಳಿದರು: "ಅಕ್ಕಾ, ನನ್ನ ಮೈ ಅಳತಿ ಅವರಿಗ್ಯಾಕ್ರಿ?"

"ಅಳತಿ ಇಲ್ದ ಹೊಲಿಯಾಕ ಬರಂಗಿಲ್ರೀ," ಎಂದೆ.

"ಮತ್ತ ಹೆಸರು?"

ಇಷ್ಟು ವರ್ಷ ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಸಲ ಬೇರೆ ಹಾಳೆಯಲ್ಲಿ ಅಳತೆಯ ಜೊತೆ ನಂಬರು ಮಾತ್ರ ಬರೆದು ಫೋಟೊ ತೆಗೆದು, ಅದೇ ನಂಬರಿನ ಚೀಟಿಯನ್ನು ಬಟ್ಟೆಗೆ ಚುಚ್ಚಿ ಕಳಿಸಿದೆ. ಹೆಸರುಗಳ ಪಟ್ಟಿ ನನ್ನಲ್ಲೇ ಉಳಿಯಿತು.

ಹೊಲಿದು ಬಂದ ರವಿಕೆ ತೊಟ್ಟು ಟೀಚರಮ್ಮ ಕೈ ಎತ್ತಿ ನೋಡಿದರು. "ಬರಾಬರ್ ಕುಂತೈತ್ರಿ."

ಅವರು ಹೋದ ಮೇಲೆ, ಬೇಕಿಲ್ಲದ್ದು ಇನ್ನೇನು ಬರೆದಿದ್ದೇನೆಂದು ಪುಸ್ತಕ ತಿರುವಿದೆ. ಎಲ್ಲರ ಗಂಡಂದಿರ ಹೆಸರುಗಳೂ ಇದ್ದವು.