ಗಾದಿಲಿಂಗಪ್ಪನ ಬಿಳಿ ದಸ್ತಿ

ಗಾದಿಲಿಂಗಪ್ಪ ಮೊದಲು ಬಾನೆಟ್ಟಿಗೆ ಕೈ ಹಚ್ಚಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಡೀಸೆಲ್ ಕಾರು ಬಂತೆಂದರೆ ನೇರ ಅದರ ಹಿಂದಕ್ಕೆ ಹೋಗುತ್ತಿದ್ದ. ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಇಸ್ತ್ರಿ ಹಾಕಿದ ಬಿಳಿ ಕರವಸ್ತ್ರ ತೆಗೆಯುತ್ತಿದ್ದ. ಅವನ ಬಾಯಲ್ಲಿ ಅದು ದಸ್ತಿ. ಅದನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು, "ಹಾಂ, ರೇಸ್ ಕೊಡ್ರಿ" ಎನ್ನುತ್ತಿದ್ದ. ಎಂಜಿನ್ನು ನಾಲ್ಕು ಸಲ ಗುರ್ರೆಂದ ಮೇಲೆ ದಸ್ತಿಯನ್ನು ಬಿಸಿಲಿಗೆ ಬಿಡಿಸಿ ಹಿಡಿದು ನೋಡುತ್ತಿದ್ದ. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ! ಬಿಳಿಯಾಗಿದ್ದರೆ "ಪಾಸ್" ಎಂದು ಮಡಚಿ ಜೇಬಿಗೆ ಇಳಿಸುತ್ತಿದ್ದ. ಕಪ್ಪಾಗಿದ್ದರೆ ಅದಕ್ಕೊಂದು ಚೀಟಿ ಚುಚ್ಚಿ, ಮಾಲೀಕರ ಹೆಸರು ಬರೆದು, ತನ್ನ ಗ್ಯಾರೇಜಿನ ಮುಂದಿನ ತಂತಿಗೆ ನೇತುಹಾಕುತ್ತಿದ್ದ. ಗಾಡಿ ಸರಿಯಾಗುವವರೆಗೆ ಅದು ಅಲ್ಲೇ.

ಗ್ಯಾರೇಜಿದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ. ಅದರ ಹಿಂದಿನ ಓಣಿ ಅಂದರೆ ದಿನವೆಲ್ಲ ಜನ ಓಡಾಡುವ ಜಾಗ. ಆ ತಂತಿಯಲ್ಲಿ ಹೆಸರು ಬೀಳುವುದೆಂದರೆ ಮಾನ ಹೋದಂತೆಯೇ. ಒಬ್ಬ ವಕೀಲರು ಬೇರೆಲ್ಲೋ ತಮ್ಮ ಕಾರಿನ ಹೊಗೆಯ ಮಸಿ ಹಿಡಿಯುವ ಜಾಳಿಗೆಯನ್ನೇ ಕೊಯ್ದು ತೆಗೆಸಿ, ಈಗ ಗಾಡಿ ಕುದುರೆ ಹಂಗ ಓಡ್ತೈತಿ ಎಂದು ಕೊಚ್ಚಿಕೊಂಡು ಬಂದರು. ದಸ್ತಿ ಹಂಚಿನ ತಳದಂತೆ ಕಪ್ಪಾಯಿತು, ತಂತಿ ಏರಿತು. ವಕೀಲರು ನೋಟಿಸ್ ಕೊಡುತ್ತೇನೆಂದು ಹಾರಾಡಿದರು. "ಕೊಡ್ರಿ ಸರ್. ಆ ನೋಟಿಸ್ನೂ ನಿಮ್ಮ ಪೈಪಿಗೇ ಹಿಡೀತೀನಿ" ಅಂದ ಗಾದಿಲಿಂಗಪ್ಪ. ತಿಂಗಳಾದ ಮೇಲೆ ವಕೀಲರೇ ಬಂದು ಜಾಳಿಗೆ ಮತ್ತೆ ಕೂರಿಸಿಕೊಂಡು ಹೋದರು.

ವಯಸ್ಸಿನಲ್ಲಿ ಅವನು ನನ್ನ ತಂದೆಯ ಸಮಾನ. ಆದರೂ ಇಲ್ಲಿ ಅವರು ಇವರು ಎಂದು ಬರೆದರೆ ಬೇರೆ ಯಾರನ್ನೋ ಕುರಿತು ಬರೆದಂತಾಗುತ್ತದೆ. ಹಾಗಾಗಿ ಏಕವಚನವೇ ಇರಲಿ.

ನಾನು ಫಿಜಿಯೋಥೆರಪಿಸ್ಟ್. ಲಕ್ವ ಹೊಡೆದವರು, ಮೊಣಕಾಲಿನ ಆಪರೇಷನ್ ಆದವರು, ಇವರ ಮನೆಗಳಿಗೆ ನಾನೇ ಹೋಗಿ ಕೈಕಾಲು ಆಡಿಸುತ್ತೇನೆ. ಬಳ್ಳಾರಿಯ ಓಣಿಗಳಲ್ಲಿ ಬೆಳಗ್ಗೆ ನಾಲ್ಕು ಮನೆ, ಮಧ್ಯಾಹ್ನ ಕುರುಗೋಡಿನಲ್ಲಿ ಮೂರು. ಹೊರುವ ಯಂತ್ರಗಳೇ ಎರಡು ಚೀಲ. ಕಾರು ನಿಂತರೆ ನನ್ನ ಕೆಲಸವೂ ನಿಂತಂತೆ, ಈಗಷ್ಟೇ ಗೋಡೆ ಹಿಡಿದು ನಿಲ್ಲುವಂತಾದವರು ಮತ್ತೆ ಮಂಚ ಹಿಡಿದಂತೆ. ಇನ್ನು ನನ್ನ ಸಿಟ್ಟಿನ ವಿಷಯ. ಅದು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಒಂದು ಬೇಸಿಗೆ ನನ್ನ ಕಾರಿನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿತು. ನಾಲ್ಕೇ ದಿನಕ್ಕೆ ಅದು ಮಿಣಮಿಣ ಎನ್ನತೊಡಗಿತು. ಗಾಡಿಗೆ ಜೀವವೇ ಇಲ್ಲ, ಎಷ್ಟು ತುಳಿದರೂ ಎತ್ತಿನ ಬಂಡಿಯ ಓಟ. ಊರಾಚೆಯ ದೊಡ್ಡ ಗ್ಯಾರೇಜಿನವನು ನೋಡಿ ಕೈ ತೊಳೆದುಕೊಂಡ. ಹೊಗೆಯ ಮಸಿ ಹಿಡಿಯುವ ಜಾಳಿಗೆ ಕಟ್ಟಿಕೊಂಡಿದೆ, ಹೊಸದು ಹಾಕಿಸುವುದೆಂದರೆ ಅರ್ಧ ಕಾರು ಕೊಂಡಂತೆ, ಕೊಯ್ದು ಬಿಸಾಕೋಣ ಎಂದ. ನಾನು ಒಪ್ಪಿಯೂ ಬಿಡುತ್ತಿದ್ದೆನೇನೋ. ಬರುವ ದಾರಿಯಲ್ಲಿ ಗಾದಿಲಿಂಗಪ್ಪನ ತಂತಿ ಕಣ್ಣಿಗೆ ಬಿತ್ತು.

"ಕೊಯ್ಯೋದಾ? ಯಾವ ಮಗ ಹಂಗಂದ?" ಎಂದು ಎದ್ದು ನಿಂತವನಿಗೆ ಕೆಮ್ಮು ಬಂತು. ಆ ಕೆಮ್ಮು ಒಮ್ಮೆ ಹಿಡಿದರೆ ಗೋಡೆ ಹಿಡಿದು ನಿಲ್ಲಬೇಕು. ನಿಂತು, ಸುಧಾರಿಸಿಕೊಂಡು ಹೇಳಿದ: "ಡಾಕ್ಟರಮ್ಮ, ಹುಡುಗನಿದ್ದಾಗಿಂದ ಅದಿರು ಲಾರಿ ಅಡಿಗೆ ಮಲಗಿ ಕೆಲ್ಸ ಮಾಡೀನಿ. ಅವಾಗ ಈ ಜಾಳಿಗಿ ಇದ್ದಿಲ್ಲ. ಮಸಿ ಎಲ್ಲಾ ಎಲ್ಲಿ ಹೋಯ್ತು? ಇಲ್ಲಿ." ಎದೆಗೆ ಬೆರಳು ಬಡಿದುಕೊಂಡ. "ನಾ ನುಂಗಿದ್ದನ್ನ ಈಗ ಈ ಡಬ್ಬಿ ನುಂಗ್ತೈತಿ. ಅದನ್ನ ಕೊಯ್ಯಾಕ ನಾ ಬಿಡಂಗಿಲ್ಲ. ಸುಟ್ಟು ಸ್ವಚ್ಛ ಮಾಡ್ತೀನಿ. ಆಗ್ಲಿಲ್ಲಂದ್ರ ಈ ಅಂಗಡಿಗೆ ಕೀಲಿ ಹಾಕ್ತೀನಿ, ಬರ್ಕೊಳ್ರಿ."

ನಾನು ಡಾಕ್ಟರ್ ಅಲ್ಲ ಎಂದು ನೂರು ಸಲ ಹೇಳಿದ್ದೆ. ಅವನು ಕೇಳಿದ್ದರೆ ತಾನೆ.

ಏಳನೇ ಇಯತ್ತೆ ದಾಟದ ಮನುಷ್ಯ ಐವತ್ತೆಂಟರ ಪ್ರಾಯದಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು, ಕಾರಿನ ಒಳಗುಟ್ಟು ಓದುವ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದ. ಓಣಿಯ ಮೆಕ್ಯಾನಿಕ್ಕುಗಳು ಬಿದ್ದು ಬಿದ್ದು ನಕ್ಕಿದ್ದರಂತೆ. ಪರದೆಯ ಮೇಲೆ ಬರುವ ಇಂಗ್ಲಿಷು ಅವನಿಗೆ ಬಾರದು. ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದ. ಬಂದ ಸಾಲನ್ನು ಅಕ್ಷರಕ್ಕೆ ಅಕ್ಷರ ಚಿತ್ರ ಬರೆದಂತೆ ಇಳಿಸಿಕೊಂಡು, ತಿಳಿದವರಲ್ಲಿ ಕೇಳಿ, ಕೆಳಗೆ ತನ್ನದೇ ಅರ್ಥ ಬರೆಯುತ್ತಿದ್ದ. ನಾನು ಓದಿ ನೋಡಿದ್ದೇನೆ. ‘ಷರತ್ತು ಪೂರೈಸಿಲ್ಲ’ ಎಂಬುದಕ್ಕೆ ‘ಏನೋ ಬೇಡ್ತೈತಿ, ಕೊಟ್ಟು ನೋಡು’ ಎಂದಿತ್ತು. ‘ಸುಡುವಿಕೆ ಅರ್ಧಕ್ಕೆ ನಿಂತಿದೆ’ ಎಂಬುದಕ್ಕೆ ‘ಉಣ್ಣಾಕ ಕುಂತದ್ದನ್ನ ನಡುವಿ ಎಬ್ಬಿಸ್ಯಾರ’ ಎಂದಿತ್ತು.

ಸ್ಟಿಯರಿಂಗ್ ಕೆಳಗಿನ ಗೂಡಿಗೆ ಕೇಬಲ್ ಸಿಕ್ಕಿಸಿ ಅವನು ಬಹಳ ಹೊತ್ತು ಪರದೆಯನ್ನೇ ನೋಡಿದ. ನೋಟ್‌ಬುಕ್ ತಿರುವಿದ. ಹುಬ್ಬು ಗಂಟಿಕ್ಕಿತು.

"ಡಾಕ್ಟರಮ್ಮ, ಈ ಜಾಳಿಗಿ ತುಂಬಿದಾಗೆಲ್ಲ ಗಾಡಿ ತಾನಾಗೇ ಮಸಿ ಸುಟ್ಕೊಳ್ತೈತಿ. ನೀವು ಓಡಸ್ತಿರ್ತೀರಿ, ಅದು ಒಳಗಿಂದೊಳಗ ಸುಡ್ತಿರ್ತೈತಿ. ನಿಮ್ಮ ಗಾಡಿ ಹನ್ನೊಂದು ಸಲ ಸುಡಾಕ ಹೋಗೇತಿ. ಹನ್ನೊಂದು ಸಲಾನೂ ಯಾರೋ ನಡುವಿ ಎಬ್ಬಿಸ್ಯಾರ. ಯಾರು?"

"ಯಾರಿಲ್ಲ. ಗಾಡಿ ಓಡಿಸೋದು ನಾನೊಬ್ಬಾಕಿ."

"ಮತ್ತ ಇದ್ಯಾಕ ಹಂಗ ಹೇಳ್ತೈತಿ?"

"ನಿಮ್ಮ ಲ್ಯಾಪ್‌ಟಾಪಿಗೆ ತಲಿ ಕೆಟ್ಟೈತಿ, ಅದಕ್ಕ!" ಎಂದು ರೇಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವನು ಪರದೆಯತ್ತ ಬೆರಳು ತೋರಿಸಿದ. ಜಾಳಿಗೆಯ ಮಸಿ ನೂರಕ್ಕೆ ತೊಂಬತ್ತೆರಡು ಮುಟ್ಟಿದೆ, ಇನ್ನೊಂದು ಚೂರು ಏರಿದರೆ ಸಾಫ್ಟ್‌ವೇರ್ ಸುಡಲು ಒಪ್ಪುವುದೇ ಇಲ್ಲ ಎಂದ. "ಒಂದೇ ಸಲ ನಮಗ ಚಾನ್ಸು. ಹಚ್ಚಿದ ಮ್ಯಾಲ ಪೂರಾ ಸುಡಬೇಕು. ನಡುವಿ ನಿಂತ್ರ ಜಾಳಿಗಿ ಸತ್ತಂಗ, ನನ್ನ ಮಾತೂ ಸತ್ತಂಗ."

ಮರುದಿನ ಬೆಳಗ್ಗೆ ಕೊಳಗಲ್ಲಿನ ಕಡೆ ಒಂದು ಬರಿ ಬಯಲಿಗೆ ಹೋದೆವು. ಓಣಿಯಲ್ಲಿ ಈ ಕೆಲಸ ಮಾಡುವಂತಿಲ್ಲ, ಕೊಳವೆ ಕೆಂಡದಂತೆ ಕಾಯುತ್ತದೆ. ಒಣಹುಲ್ಲಿನ ಕಡ್ಡಿ ಕೂಡ ಉಳಿಯದಂತೆ ಅವನು ನೆಲ ಗುಡಿಸಿದ, ಎರಡು ಕೊಡ ನೀರು ಪಕ್ಕಕ್ಕಿಟ್ಟ. ಬಿಸಿಲಿಗೆ ಪರದೆ ಕಾಣದೆಂದು ಲ್ಯಾಪ್‌ಟಾಪಿನ ಸಮೇತ ತಲೆಯ ಮೇಲೆ ಕಪ್ಪು ಕಂಬಳಿ ಹೊದ್ದುಕೊಂಡ. ಹಳೇ ಕಾಲದ ಫೋಟೋ ತೆಗೆಯುವವರ ಹಾಗೆ ಕಾಣುತ್ತಿದ್ದ. ಕಂಬಳಿಯೊಳಗಿಂದಲೇ ದನಿ ಬಂತು: "ಏನೋ ಬೇಡ್ತೈತಿ!" ನೋಡಿದರೆ ಡೀಸೆಲ್ ಕಾಲು ಟ್ಯಾಂಕೂ ಇಲ್ಲ. ಅಷ್ಟಿಲ್ಲದೆ ಅದು ಶುರುವಾಗುವುದಿಲ್ಲವಂತೆ. ನಾನು ಆಟೋ ಹಿಡಿದು ಕ್ಯಾನು ಹೊತ್ತು ಬಂಕಿಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವನನ್ನೇ ಬೈದುಕೊಂಡೆ, ತಪ್ಪು ನನ್ನದಾದರೂ.

"ನೀವು ಸೀಟಿನಾಗ ಕುಂತು ಬಿಸಿ ಮುಳ್ಳು ನೋಡ್ರಿ. ನಾ ಹೇಳೋತನ ಏನೂ ಮುಟ್ಟಬ್ಯಾಡ್ರಿ" ಎಂದು ಗುಂಡಿ ಒತ್ತಿದ. ಎಂಜಿನ್ನು ತಾನಾಗಿಯೇ ಏರಿತು. ಯಾರೂ ತುಳಿಯದೆ ಗಾಡಿ ಹಾಗೆ ಗರ್ಜಿಸುವುದನ್ನು ಕಂಡು ನಾನು ಸೀಟಿಗೆ ಅಂಟಿ ಕೂತೆ. ತೊಂಬತ್ತೆರಡು, ತೊಂಬತ್ತು, ಎಂಬತ್ತನಾಲ್ಕು. ಕಂಬಳಿಯೊಳಗಿಂದ ಅವನು ಕೂಗಿ ಹೇಳುತ್ತಿದ್ದ. ಸುಟ್ಟ ವಾಸನೆ ಮೂಗಿಗೆ ಬಂತು. ಎಪ್ಪತ್ತು. ಅರವತ್ತೊಂದು. ಆಗ ಬಾನೆಟ್ಟಿನೊಳಗೆ ಫ್ಯಾನು ಭರ್ರೋ ಎಂದು ಅರಚಿಕೊಂಡಿತು.

ನನಗೆ ಗೊತ್ತೇ ಆಗಲಿಲ್ಲ. ಕೈ ತಾನಾಗಿ ಕೀಲಿಗೆ ಹೋಗಿತ್ತು.

"ಏಯ್! ಬಿಡ್ರಿ ಕೈ!" ಕಂಬಳಿ ಸಮೇತ ಓಡಿಬಂದವನು ಕಿಟಕಿಯಿಂದ ನನ್ನ ಮಣಿಕಟ್ಟು ಹಿಡಿದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನ ಮುಖದಲ್ಲಿ ಮೆಲ್ಲಗೆ ಬೆಳಕು ಹರಿಯಿತು. "ಓಹೋಹೋ... ನಡುವಿ ಎಬ್ಬಿಸಾಕಿ ನೀವೇನ್ರಿ ಡಾಕ್ಟರಮ್ಮ!"

ಹೌದು, ನಾನೇ. ನಮ್ಮಪ್ಪ ಹಳೇ ಜೀಪಿನಲ್ಲಿ ನನಗೆ ಗಾಡಿ ಕಲಿಸುವಾಗ ಹೇಳಿಕೊಟ್ಟ ಮೊದಲ ಪಾಠವೇ ಅದು. ಫ್ಯಾನು ಕೂಗಿತೆಂದರೆ ಗಾಡಿಗೆ ಬಿಸಿಲು ಬಡಿದಿದೆ, ನೆರಳಿಗೆ ಹಾಕು, ಬಂದ್ ಮಾಡು. ಬಳ್ಳಾರಿಯ ಬಿಸಿಲಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಇದನ್ನೇ ಮಾಡುತ್ತಾರೆ. ಕುರುಗೋಡಿನ ದಾರಿಯಲ್ಲಿ ನನ್ನದೇ ಎನ್ನುವಂಥ ಒಂದು ಬೇವಿನಮರವಿತ್ತು. ಫ್ಯಾನು ಕೂಗಿದಾಗಲೆಲ್ಲ ಅದರ ಕೆಳಗೆ ನಿಲ್ಲಿಸಿ, ಪಾಪ, ದಣಿದಿದೆ ಎಂದು ಬಾನೆಟ್ಟು ಸವರುತ್ತಿದ್ದೆ. ಅದು ಮಸಿ ಸುಡುವ ಹೊತ್ತಿನ ಕೂಗು ಎಂದು ನನಗೆ ಯಾರು ಹೇಳಿದ್ದರು? ಹನ್ನೊಂದು ಸಲ, ಪ್ರೀತಿಯಿಂದಲೇ, ಅದರ ಕತ್ತು ಹಿಸುಕಿದ್ದೆ.

ಬೈಯುತ್ತಾನೆಂದು ಕಾದೆ. ಅವನು ಮಣಿಕಟ್ಟು ಬಿಡದೆ ನಿಂತು ನಗತೊಡಗಿದ. "ಪೇಷಂಟಿಗೆ ನೋವು ಅಂದ್ರ ನೀವು ಬಿಡ್ತೀರೇನ್ರಿ? ಇನ್ನೊಂದ್ಸಲ ಎತ್ತು ಕಾಲು ಅಂತೀರಲ್ಲ? ಇದಕ್ಕೂ ಹಂಗಽ. ಕೂಗ್ಲಿ, ಕೂಗ್ಲಿ. ಕೂಗಿದ್ರನ ಉಳೀತೈತಿ." ಕೀಲಿಯ ಮೇಲೆ ನಾನು ಕೈ ಇಡದಂತೆ ಅಲ್ಲೇ ಕಾವಲು ನಿಂತ. ಲ್ಯಾಪ್‌ಟಾಪನ್ನು ನನ್ನ ಮಡಿಲಿಗೆ ಕೊಟ್ಟು, "ಈಗ ನೀವು ಓದ್ರಿ" ಎಂದ. ನಾನು ಕಂಬಳಿ ಹೊದ್ದು ಓದಿದೆ. ನಲವತ್ತು. ಇಪ್ಪತ್ತಾರು. ಹದಿಮೂರು. ನನ್ನ ದನಿ ತಾನಾಗಿ ಏರುತ್ತಿತ್ತು. ಆರು. ನಾಲ್ಕು. ಎಂಜಿನ್ನಿನ ಗರ್ಜನೆ ಇಳಿಯಿತು, ಹಳದಿ ದೀಪ ಫಕ್ಕನೆ ಆರಿತು.

ನಾನು ಕಂಬಳಿ ಎಸೆದು ಕೂಗಿದ್ದೇ ಕೂಗಿದ್ದು. ಹಾದಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಹಾವು ಕಚ್ಚಿತೇನೋ ಎಂದು ಓಡಿಬಂದ. ಗಾದಿಲಿಂಗಪ್ಪ ಮಾತ್ರ ಕೊಳವೆ ತಣಿಯುವವರೆಗೆ ಕಾದು, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. "ರೇಸ್ ಕೊಡ್ರಿ." ಕೊಟ್ಟೆ. ದಸ್ತಿಯನ್ನು ಸೂರ್ಯನಿಗೆ ಹಿಡಿದ. ಮಲ್ಲಿಗೆಯಂಥ ಬಿಳಿ. ಕುರಿಯವನಿಗೂ ತೋರಿಸಿದ, ಅವನಿಗೇನು ಅರ್ಥವಾಯಿತೋ, ಅವನೂ ತಲೆದೂಗಿದ. "ಪಾಸ್!" ಎಂದ ಗಾದಿಲಿಂಗಪ್ಪ. ಕಣ್ಣಲ್ಲಿ ನೀರಿತ್ತು. ಹೊಗೆ ಬಡಿದಿದೆ ಎಂದ. ಎಲ್ಲಿತ್ತು ಹೊಗೆ?

ಗಾಡಿಗೆ ಒಳ್ಳೆ ಓಟ ಬೇಕು ಎಂದು ಅಂದೇ ಸಿರುಗುಪ್ಪದವರೆಗೆ ಹೊಡೆಸಿದ. ಎರಡೂ ಕಡೆ ಭತ್ತದ ಗದ್ದೆ, ತುಳಿದರೆ ಗಾಡಿ ಹಾರುತ್ತಿತ್ತು. ಅಲ್ಲಿ ಒಗ್ಗರಣಿ ಮಿರ್ಚಿ ತಿಂದೆವು. ಅಂಗಡಿಯವನಿಗೆ, ಪಕ್ಕದ ಬೆಂಚಿನವರಿಗೆ, ಚಹಾ ತಂದವನಿಗೆ, ಎಲ್ಲರಿಗೂ ಅವನು ದಸ್ತಿ ಬಿಡಿಸಿ ತೋರಿಸಿದ. ಮರುವಾರ ಆ ನಗುತ್ತಿದ್ದ ಮೆಕ್ಯಾನಿಕ್ಕುಗಳೇ ಗಾಡಿ ತಂದು ಅವನ ಮುಂದೆ ಸಾಲುಗಟ್ಟಿದರು. ಅವರಿಗೆಲ್ಲ ನೋಟ್‌ಬುಕ್ ಬಿಚ್ಚಿ ಕಲಿಸಿದ, ಯಾರಿಗೂ ಇಲ್ಲ ಎನ್ನಲಿಲ್ಲ. ಈಗ ಬ್ರೂಸ್‌ಪೇಟೆಯ ಆ ಓಣಿಯಲ್ಲಿ ಜಾಳಿಗೆ ಕೊಯ್ಯುವವನು ಒಬ್ಬನೂ ಇಲ್ಲ.

ಎದೆ ಪೂರ್ತಿ ಕೈಕೊಟ್ಟ ಮೇಲೆ ಅವನು ಸಿರುಗುಪ್ಪದ ತಂಗಿಯ ಮನೆ ಸೇರಿದ. ನಾನು ಭಾನುವಾರಗಳಲ್ಲಿ ಹೋಗಿ ಉಸಿರಿನ ವ್ಯಾಯಾಮ ಮಾಡಿಸುತ್ತಿದ್ದೆ. "ನನ್ನ ಜಾಳಿಗಿನೂ ತುಂಬೇತಿ. ಇದಕ್ಕ ಸಾಫ್ಟ್‌ವೇರ್ ಇಲ್ಲೇನ್ರಿ?" ಎನ್ನುತ್ತಿದ್ದ. "ನಡುವೆ ನಿಲ್ಲಿಸಬ್ಯಾಡ್ರಿ, ಊದ್ರಿ" ಎಂದು ನಾನು ಗದರಿದರೆ, "ನನ್ನ ಮಾತು ನನಗಽ ತಿರುಗಿಸ್ತೀರಲ್ಲ!" ಎಂದು ನಗುತ್ತಾ ಊದುತ್ತಿದ್ದ. ಕೊನೆಯ ಸಲ ಬೇಡವೆಂದರೂ ಗೋಡೆ ಹಿಡಿದುಕೊಂಡು ಕಾರಿನವರೆಗೆ ಬಂದ. ಕೂತ. ದಸ್ತಿ ಹಿಡಿದ. ನೋಡಿ ನನ್ನ ಕೈಗೇ ಕೊಟ್ಟ. "ಇನ್ಮ್ಯಾಗ ನೀವಽ ನೋಡ್ಕೊಳ್ರಿ."

ಮುಂದಿನ ಭಾನುವಾರ ಬೆಳಗ್ಗೆ ಅವನ ತಂಗಿಯ ಫೋನು ಬಂತು, ಅಣ್ಣ ಹೋದ ಎಂದು. ಕಣ್ಣೊರೆಸಿಕೊಳ್ಳುತ್ತಲೇ ಗಾಡಿ ಓಡಿಸಿದೆ. ಸಿರುಗುಪ್ಪ ಮುಟ್ಟುವ ಹೊತ್ತಿಗೆ ಫ್ಯಾನು ಅರಚತೊಡಗಿತು. ರಸ್ತೆ ಉಬ್ಬಿನ ಹತ್ತಿರ ನಿಂತಿದ್ದ ರೈತನೊಬ್ಬ, "ಮೇಡಂ, ಗಾಡಿ ಬಿಸಿಯಾಗೇತ್ರಿ, ನೆಳ್ಳಿಗೆ ಹಾಕ್ರಿ, ಬಂದ್ ಮಾಡ್ರಿ!" ಎಂದು ಕೈ ಬೀಸಿದ. ನಾನು ನಿಲ್ಲಿಸಲಿಲ್ಲ. ತಂಗಿಯ ಮನೆಯ ತಿರುವು ಬಂತು, ಬಾಗಿಲಲ್ಲಿ ಜನ ಕೂಡಿದ್ದು ಕಂಡಿತು. ಆಗಲೂ ನಿಲ್ಲಿಸಲಿಲ್ಲ. ಊರು ದಾಟಿ, ಗದ್ದೆಗಳನ್ನು ದಾಟಿ, ಫ್ಯಾನು ತಾನಾಗಿ ಸುಮ್ಮನಾಗುವವರೆಗೆ ಓಡಿಸಿ, ಆಮೇಲೆ ಹಿಂದಿರುಗಿದೆ.

ಮನೆಯ ಮುಂದೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅವನು ಕೊಟ್ಟಿದ್ದ ದಸ್ತಿ ಹಿಡಿದೆ. ತಂಗಿಯ ಮಗಳು ಗಾಡಿಯೊಳಗೆ ಕೂತು ರೇಸ್ ಕೊಟ್ಟಳು. ಜನ ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಮನೆಯೊಳಗೆ ಹೋಗಿ, ಹಾಗೇ ಬಿಳಿಯಾಗಿದ್ದ ಅದನ್ನು ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಜೇಬಿಗೆ ಇಳಿಸಿದೆ.

"ಪಾಸ್, ಗಾದಿಲಿಂಗಣ್ಣ" ಎಂದೆ.