ಮುಲ್ತವಿ ಆತ್ರೀ

ಮುಲ್ತವಿ ಅಂದರೆ ಮುಂದಕ್ಕೆ ಹಾಕಿದ್ದು. ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದುಕೊಂಡ ಮಾತು. ಈಗಿನವರು ಮುಂದೂಡಿಕೆ ಅನ್ನುತ್ತಾರೆ. ನಮ್ಮ ವಕೀಲರ ಮುದಿ ಗುಮಾಸ್ತರು ಮಾತ್ರ ರಾಯಚೂರು ಕೋರ್ಟಿನ ಮೆಟ್ಟಿಲಿಳಿದು ಬಂದು, "ಮುಲ್ತವಿ ಆತ್ರೀ, ಮುಂದಿನ ತಿಂಗಳು ಬರ್ರಿ," ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಬೆಳಿಗ್ಗೆಯಿಂದ ಕಾದಿರುತ್ತಿದ್ದೆ ಎಂದರೆ ಯಾರೂ ನಂಬಲಿಕ್ಕಿಲ್ಲ.

ದಾವೆ ಹೂಡಿದವಳು ನನ್ನ ಅಕ್ಕ. ಕಲ್ಲೂರಿನಲ್ಲಿ ಅಪ್ಪ ಬಿಟ್ಟುಹೋದ ಹೊಲದಲ್ಲಿ ಪಾಲು ಕೇಳಿದಳು. ಕೇಳಿದ್ದು ನ್ಯಾಯವೇ. ಆದರೆ ಆಗ ನನ್ನ ತಲೆ ನೆಟ್ಟಗಿರಲಿಲ್ಲ. "ನಿನಗ ತವರುಮನಿ ಇಲ್ಲ, ಹೋಗು," ಎಂದುಬಿಟ್ಟೆ. ದೇವದುರ್ಗದ ಗಂಡನ ಮನೆಯಿಂದ ಅವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಪಂಚಮಿಗೂ ಬರಲಿಲ್ಲ.

ಕೇಸಿನ ಮೂರನೆಯ ತಾರೀಖೋ ನಾಲ್ಕನೆಯದೋ ಇರಬೇಕು. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಅಕ್ಕ ಬುತ್ತಿ ಬಿಚ್ಚಿದಳು. ನೋಡಬಾರದು ಅಂದುಕೊಂಡೇ ನೋಡಿದೆ.

"ಹೊಟ್ಟಿ ಮ್ಯಾಲೆ ಯಾಕ ಸಿಟ್ಟು? ಬಾ, ಉಣ್ಣು," ಎಂದಳು.

ಜೋಳದ ರೊಟ್ಟಿ, ಪುಂಡಿಪಲ್ಯ. ಥೇಟ್ ಅವ್ವನ ಕೈರುಚಿ. ಅವತ್ತಿನಿಂದ ಪ್ರತಿ ತಾರೀಖಿಗೂ ಇಬ್ಬರದೂ ಒಂದೇ ಬುತ್ತಿ. ಹೊಲ ಒಂದನ್ನು ಬಿಟ್ಟು ಜಗತ್ತಿನದೆಲ್ಲ ಮಾತಾಡುತ್ತಿದ್ದೆವು. ನನ್ನ ವಕೀಲರು ಹಣೆ ಚಚ್ಚಿಕೊಂಡರು: "ಎದುರು ಪಾರ್ಟಿ ಕೂಡ ಉಣ್ಣಾಕತ್ತೀರಲ್ರೀ, ಒಳಗ ನಾ ಏನಂತ ಜಗಳ ಮಾಡ್ಲಿ?"

"ಜಗಳ ಬ್ಯಾಡ್ರಿ, ತಾರೀಖು ತಗೊಳ್ರಿ," ಎಂದೆ. ಒಮ್ಮೆ ಜ್ವರ ಅಂತ ಹೇಳಿಸಿದೆ, ಒಮ್ಮೆ ಕಾಗದ ಸಿಕ್ಕಿಲ್ಲ ಅಂತ. ಅಕ್ಕನೂ ಹಾಗೇ ಹೇಳಿಸುತ್ತಿದ್ದಳೋ ಏನೋ, ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಹೊಸ ಜಡ್ಜ್ ಸಾಹೇಬರು ಬಂದರು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ, "ಒಡಹುಟ್ಟಿದವರು ನೀವು, ರಾಜಿ ಆಗಬಾರದೇನು?" ಎಂದರು. ಆಗುವುದಿಲ್ಲ ಅನ್ನಲು ಬಾಯಾದರೂ ಎಲ್ಲಿತ್ತು? ಅರ್ಧ ಅವಳಿಗೆ, ಅರ್ಧ ನನಗೆ. ತಾಸಿನೊಳಗೆ ಸಹಿ ಆಗಿಹೋಯಿತು.

"ಛಲೋ ಆತು ಬಿಡು," ಎಂದಳು ಅಕ್ಕ.

ಬಸ್ ಸ್ಟ್ಯಾಂಡಿನ ತನಕ ಜೊತೆಯಲ್ಲೇ ನಡೆದೆವು. ಮನೆಗೆ ಬಾ ಅನ್ನಬೇಕಾದವನು ನಾನು. ಹೋಗು ಎಂದವನು ನಾನೇ ತಾನೇ. ಮುಂದಿನ ತಾರೀಖಿಗೆ ಹೇಳಿದರಾಯಿತು ಅಂದುಕೊಂಡೆ. ಅವಳ ಬಸ್ಸು ಹೊರಟುಹೋದ ಮೇಲೆ ಹೊಳೆಯಿತು, ಇನ್ನು ತಾರೀಖೇ ಇಲ್ಲ.

ಎರಡು ವರ್ಷವಾಯಿತು. ಅಕ್ಕನನ್ನು ನೋಡಬೇಕೆಂದು ಜೀವ ಎಳೆಯುತ್ತದೆ. ನಾನಿರುವ ಮಾನ್ವಿಯಿಂದ ದೇವದುರ್ಗಕ್ಕೆ ಬಸ್ಸಿಗೇನು ಬರವಿಲ್ಲ. ಹೋಗಬಹುದು. ಆದರೆ ಬಾಗಿಲು ತೆರೆದು "ಯಾಕ ಬಂದಿ?" ಅಂದರೆ, ಹೇಳುವುದಕ್ಕೆ ನನ್ನ ಹತ್ತಿರ ಈಗ ಒಂದು ಕೇಸೂ ಇಲ್ಲ.