ಲಿಖಿತಾ ಟೀಚರಿಗೆ ನಾನು ಹೇಳಿಕೊಡದ ಪಾಠ

ನಮ್ಮ ಶಾಲೆಯ ಆಫೀಸು ಕೋಣೆಯಲ್ಲಿ, ಗಡಿಯಾರದ ಕೆಳಗೆ, ಗಾಜು ಹಾಕಿಸಿದ ಒಂದು ಪ್ರಶಸ್ತಿ ಪತ್ರ ತೂಗುತ್ತಿದೆ. ‘ಹೊಸ ಬೋಧನಾ ವಿಧಾನಗಳಿಂದ ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಿದ ಶಿಕ್ಷಕ ಶ್ರೀಕರ ಭಟ್ಟರಿಗೆ’ ಎಂದು ಅದರಲ್ಲಿ ಬರೆದಿದೆ. ಶ್ರೀಕರ ಭಟ್ಟ ನಾನೇ. ಅದನ್ನು ಇಳಿಸಬೇಕೆಂದು ಎಷ್ಟೋ ಸಲ ಸ್ಟೂಲು ಹತ್ತಿದ್ದೇನೆ. ಇಳಿಸಿದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ, ಕೇಳಿದರೆ ಲಿಖಿತಾಳ ವಿಷಯ ಹೇಳಬೇಕಾಗುತ್ತದೆ. ಅದಕ್ಕೆ ಹೆದರಿ ಪ್ರತಿ ಸಲವೂ ಗಾಜಿನ ಧೂಳು ಒರೆಸಿ ಕೆಳಗಿಳಿದಿದ್ದೇನೆ. ಇವತ್ತು ಹೇಳಿಯೇ ಬಿಡುತ್ತೇನೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ ದಡದ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ ಹತ್ತೊಂಬತ್ತು ಮಕ್ಕಳು. ದಾಖಲೆಯಲ್ಲಿ ಇಬ್ಬರು ಶಿಕ್ಷಕರಿದ್ದಾರೆ. ಇನ್ನೊಬ್ಬರನ್ನು ಪೇಟೆಯ ಶಾಲೆಗೆ ನಿಯೋಜನೆ ಮಾಡಿ ಎಷ್ಟು ಕಾಲವಾಯಿತೆಂದರೆ ಅವರ ಮುಖವೇ ಮಕ್ಕಳಿಗೆ ಗೊತ್ತಿಲ್ಲ. ಉಳಿದವನು ನಾನೊಬ್ಬ. ಬಿಸಿಯೂಟದ ಅಡುಗೆಗೆ ವೆಂಕಮ್ಮ. ಆಗಿನ್ನೂ ಸೇತುವೆ ಆಗಿರಲಿಲ್ಲ. ಸಾಗರದಿಂದ ಬರುವವರು ಹೊಳೆಬಾಗಿಲಿನಲ್ಲಿ, ಬಸ್ಸು ಜೀಪುಗಳನ್ನೂ ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು. ಹಾಗಾಗಿ ಮೇಲಿನವರ ಕಾಟ ಕಡಿಮೆ. ಸತ್ಯ ಹೇಳಬೇಕೆಂದರೆ ಅದು ನನಗೆ ಸುಖವಾಗಿಯೇ ಇತ್ತು.

ಲಿಖಿತಾ ಈ ವೆಂಕಮ್ಮನ ಮೊಮ್ಮಗಳು. ಅಪ್ಪ ದುರ್ಗೇಶ್ ಗೂಡ್ಸ್ ಗಾಡಿ ಓಡಿಸುತ್ತಾನೆ, ಆದರೆ ಆ ಮನೆಯ ತೀರ್ಮಾನಗಳೆಲ್ಲ ಅಜ್ಜಿಯದೇ. ಎರಡು ಸಾವಿರದ ಇಪ್ಪತ್ತಮೂರರ ಜೂನ್‌ನಲ್ಲಿ ಹುಡುಗಿ ಐದನೇ ತರಗತಿಗೆ ಬಂದಳು. ಶಾಲೆ ಶುರುವಾದ ದಿನವೇ ವೆಂಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಮೇಜಿನ ಮುಂದೆ ಬಂದು ನಿಂತರು.

“ಮೇಷ್ಟ್ರೇ, ಐದು ಮುಗಿದ್ರೆ ಇಲ್ಲಿ ಮುಂದೆ ಕ್ಲಾಸಿಲ್ಲ. ಅದೇನೋ ವಸತಿ ಶಾಲೆ ಪರೀಕ್ಷೆ ಅಂತಾರಲ್ಲ, ಅದಕ್ಕೆ ಇವ್ಳನ್ನ ತಯಾರ್ ಮಾಡಿ. ನಮ್ ಮನೇಲಿ ಹೇಳ್ಕೊಡೋರು ಯಾರೂ ಇಲ್ಲ. ನಂಗಂತೂ ಅಕ್ಷರನೇ ಗೊತ್ತಿಲ್ಲ.”

“ನಾನಿಲ್ವಾ ವೆಂಕಮ್ಮ? ನೀವು ಯೋಚ್ನೆ ಮಾಡ್ಬೇಡಿ,” ಎಂದೆ. ಆಗ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ.

ಅದೇ ತಿಂಗಳು ಸಾಗರದಲ್ಲಿ ಮೂರು ದಿನದ ತರಬೇತಿ ಆಯಿತು. ಮಕ್ಕಳು ಮಕ್ಕಳಿಂದ ಚೆನ್ನಾಗಿ ಕಲಿಯುತ್ತಾರೆ, ತರಗತಿಯನ್ನು ಮಕ್ಕಳ ಕೈಗೆ ಕೊಡಿ, ಶಿಕ್ಷಕ ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕು ಎಂದು ಹೇಳಿದರು. ಒಳ್ಳೆಯ ಮಾತುಗಳೇ. ಅವು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ನಾನು ತಾಳಮದ್ದಲೆಯಲ್ಲಿ ಅರ್ಥ ಹೇಳುವವನು. ಕೌರವನ ಪಾತ್ರ ಕೊಟ್ಟರೂ ಸಭೆ ತಲೆದೂಗುವಂತೆ ಅವನ ಪರ ವಾದಿಸಬಲ್ಲೆ. ಇಂಥವನ ಕೈಗೆ ಇಂಥ ಮಾತುಗಳು ಸಿಕ್ಕಿದರೆ ಏನಾಗುತ್ತದೆ ಎಂದು ತರಬೇತಿ ಕೊಟ್ಟವರಿಗೆ ಹೇಗೆ ಗೊತ್ತಾಗಬೇಕು?

ಒಂದನೇ ತರಗತಿಗೆ ದೀಪಕ್ ಎಂಬ ಹುಡುಗ ಸೇರಿದ್ದ. ಬಾಯಿ ಬಿಡುವವನೇ ಅಲ್ಲ. ಅಕ್ಷರದ ಕಾರ್ಡು ಮುಂದಿಟ್ಟರೆ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಎರಡು ವಾರ ಪ್ರಯತ್ನಿಸಿ ನಾನು ಸೋತೆ. ಆಗ ಲಿಖಿತಾ, “ಸರ್, ನಾನೊಂದ್ಸಲ ನೋಡ್ಲಾ?” ಎಂದು ಅವನ ಕೈ ಹಿಡಿದು ಅಡುಗೆ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಬ್ಬಿಗಳ ಮೇಲೆ ಅಕ್ಕಿ, ಬೇಳೆ, ಉಪ್ಪು ಎಂದು ನಾನು ಚೀಟಿ ಅಂಟಿಸಿದ್ದೆ. ಅವಳು ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು, ಒಂದು ಹರಳು ಅವನ ನಾಲಿಗೆಗೆ ಇಟ್ಟು, ಅವನ ಬೆರಳನ್ನು ಚೀಟಿಯ ಅಕ್ಷರಗಳ ಮೇಲೆ ಆಡಿಸಿದಳು. ನಾಲ್ಕನೇ ದಿನ ಆ ಹುಡುಗ ಡಬ್ಬಿಯ ಮುಂದೆ ನಿಂತು “ಉಪ್ಪು” ಎಂದ. ಪಕ್ಕದ ಡಬ್ಬಿ ನೋಡಿ “ಬೇಳೆ” ಎಂದ. ಒಲೆಯ ಮುಂದೆ ಕೂತಿದ್ದ ವೆಂಕಮ್ಮ, “ಮೇಷ್ಟ್ರೇ, ನಂಗೂ ಬಂತು, ಇದು ಅಕ್ಕಿ!” ಎಂದು ನಕ್ಕರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ಅಷ್ಟರಮಟ್ಟಿಗೆ ನಾನು ಮೇಷ್ಟ್ರೇ ಆಗಿದ್ದೆ.

ಮರುದಿನದಿಂದ ಅರ್ಧ ಗಂಟೆ ಒಂದನೇ ತರಗತಿ ಲಿಖಿತಾಳಿಗೆ. ಆಮೇಲೆ ಒಂದು ಗಂಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗ್ಗೆಯಿಂದ ಊಟದ ಬೆಲ್‌ವರೆಗೆ ಒಂದರಿಂದ ಮೂರರವರೆಗಿನ ತರಗತಿಗಳೆಲ್ಲ ಅವಳವೇ. ಮಕ್ಕಳು ‘ಲಿಖಿತಾ ಟೀಚರ್’ ಎಂದು ಕರೆಯತೊಡಗಿದರು. ಅವಳು ಯಾರಿಗೂ ಹೊಡೆಯುತ್ತಿರಲಿಲ್ಲ, ಗದರುತ್ತಿರಲಿಲ್ಲ. “ಗೊತ್ತಿಲ್ಲ ಅಂದ್ರೆ ಬೈಯಲ್ಲ. ಕೇಳ್ದೆ ಸುಮ್ನೆ ಕೂತ್ರೆ ಮಾತ್ರ ನಂಗೆ ಸಿಟ್ಟು ಬರುತ್ತೆ,” ಎನ್ನುತ್ತಿದ್ದಳು. ನಾನು ಕಿಟಕಿಯ ಪಕ್ಕ, ನೆಟ್‌ವರ್ಕ್ ಸಿಗುವ ಒಂದೇ ಜಾಗದಲ್ಲಿ, ಇಲಾಖೆ ಕೇಳಿದ ಮಾಹಿತಿ ತುಂಬಿಸುತ್ತಾ ಕೂತಿರುತ್ತಿದ್ದೆ. ಎಲ್ಲ ದಿನವೂ ಇಲಾಖೆಯ ಕೆಲಸವಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾಳಮದ್ದಲೆ ಕೇಳಿದ ದಿನಗಳೂ ಇವೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಲಿಖಿತಾ ನನ್ನ ಬಳಿ ಮೂರು ಸಲ ಬಂದಿದ್ದಳು. ಮೂರೂ ಸಲ ಕೈಯಲ್ಲಿ ಐದನೇ ತರಗತಿಯ ಗಣಿತ ಪುಸ್ತಕ.

“ಸರ್, ಈ ಭಿನ್ನರಾಶಿ ಯಾವಾಗ ಹೇಳ್ಕೊಡ್ತೀರಾ?”

“ನಾಳೆ ಮಾಡಾಣ. ಈಗ ಆ ಸಣ್ಣೋರನ್ನ ನೋಡ್ಕೋ ಹೋಗು.”

ನಾಲ್ಕನೇ ಸಲ ಅವಳು ಕೇಳಲಿಲ್ಲ. ಅರ್ಥವಾಗಿರಬೇಕು, ತಾನೇ ಓದಿಕೊಂಡಿರಬೇಕು ಎಂದು ನಾನು ನನಗೇ ಹೇಳಿಕೊಂಡೆ.

ನವೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಮಂಜುನಾಥಪ್ಪ ಬಂದರು. ಲಿಖಿತಾ ಪಾಠ ಮಾಡುವುದನ್ನು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದರು. “ಭಟ್ರೇ, ಮಕ್ಕಳ ಕೈಗೆ ಶಾಲೆ ಕೊಡೋದು ಅಂದ್ರೆ ಇದು!” ಎಂದರು. ವಿಡಿಯೋ ಗ್ರೂಪಿನಿಂದ ಗ್ರೂಪಿಗೆ ಹೋಯಿತು. ಡಿಸೆಂಬರಿನಲ್ಲಿ ಸಾಗರದ ವೇದಿಕೆಯ ಮೇಲೆ ನನಗೆ ಶಾಲು, ಹಾರ, ಈಗ ಗೋಡೆಯ ಮೇಲಿರುವ ಪತ್ರ. ವೆಂಕಮ್ಮ ಶಾಲೆಯಲ್ಲಿ ಹೆಸರುಬೇಳೆ ಪಾಯಸ ಮಾಡಿ ಎಲ್ಲರಿಗೂ ಬಡಿಸಿದರು.

ನನ್ನ ಹೆಂಡತಿ ಅಪೇಕ್ಷಾ ವಿಡಿಯೋವನ್ನು ಎರಡು ಸಲ ನೋಡಿ, “ಎಲ್ಲ ಚೊಲೋ ಇದ್ದು. ಆ ಕೂಸಿಗೆ ಯಾರು ಪಾಠ ಮಾಡ್ತ?” ಎಂದು ಕೇಳಿದಳು. ಕಲಿಸುವವರೇ ಹೆಚ್ಚು ಕಲಿಯುವುದು ಎಂದು ಹತ್ತು ನಿಮಿಷ ವಾದ ಮಂಡಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಬಟ್ಟೆ ತೆಗೆಯಲು ಹೋದಳು.

ಫೆಬ್ರುವರಿಯ ಒಂದು ಭಾನುವಾರ ವಸತಿ ಶಾಲೆಯ ಪರೀಕ್ಷೆ. ಲಿಖಿತಾಳನ್ನೂ ವೆಂಕಮ್ಮನನ್ನೂ ನಾನೇ ಕರೆದುಕೊಂಡು ಹೊರಟೆ. ಬೆಳಗಿನ ಮೊದಲ ಲಾಂಚ್. ಒಂದು ಬಸ್ಸು, ಎರಡು ಜೀಪು, ಸಿಗಂದೂರು ದೇವಸ್ಥಾನದಿಂದ ಮರಳುತ್ತಿದ್ದ ಜನ. ಹಳೆಯ ಪ್ರಶ್ನೆಪತ್ರಿಕೆಯೊಂದು ನನ್ನ ಚೀಲದಲ್ಲಿತ್ತು. ಅದನ್ನು ತೆರೆದದ್ದು ಅಂದೇ ಮೊದಲು.

“ಮುಕ್ಕಾಲು ದೊಡ್ದೋ, ಮೂರರಲ್ಲಿ ಎರಡು ಭಾಗ ದೊಡ್ದೋ, ಹೇಳು ನೋಡಾಣ,” ಎಂದೆ.

ಅವಳು ನನ್ನ ಮುಖ ನೋಡಿದಳು. “ಸರ್, ಇದು ನಮ್ಗೆ ಆಗಿಲ್ಲ.”

ವೆಂಕಮ್ಮ ಬುತ್ತಿ ಕಟ್ಟಿಕೊಂಡಿದ್ದರು. ಅದರಿಂದ ಎರಡು ದೋಸೆ ತೆಗೆದೆ. ಒಂದನ್ನು ನಾಲ್ಕು ತುಂಡು ಮಾಡಿ ಒಂದು ತುಂಡು ಬದಿಗಿಟ್ಟೆ. ಇನ್ನೊಂದನ್ನು ಮೂರು ತುಂಡು ಮಾಡಿ ಒಂದು ಬದಿಗಿಟ್ಟೆ. ಲಿಖಿತಾ ಬದಿಗಿಟ್ಟ ತುಂಡುಗಳನ್ನು ಎತ್ತಿ ಒಂದರ ಮೇಲೊಂದು ಇಟ್ಟು ನೋಡಿದಳು.

“ಇದ್ರಲ್ಲಿ ಸಣ್ಣ ತುಂಡು ಹೋಗಿದೆ. ಅದ್ರಲ್ಲಿ ದೊಡ್ದು ಹೋಗಿದೆ. ಹಂಗಾರೆ ಮುಕ್ಕಾಲೇ ದೊಡ್ದು,” ಎಂದಳು. ಆಮೇಲೆ, “ಇಷ್ಟೇನಾ ಸರ್?” ಎಂದಳು.

ಇಷ್ಟೇ ಆಗಿತ್ತು. ಲಾಂಚ್ ಇನ್ನೂ ಅರ್ಧ ದಾರಿಯಲ್ಲಿತ್ತು.

“ಇನ್ನೂ ಎಷ್ಟು ಪಾಠ ಇದೆ ಸರ್, ಹಿಂಗೆ?”

ಪುಸ್ತಕದ ಅರ್ಧಕ್ಕಿಂತ ಹೆಚ್ಚೇ ಬಾಕಿಯಿತ್ತು. “ಸ್ವಲ್ಪ,” ಎಂದೆ. ದಡ ಮುಟ್ಟುವವರೆಗೆ ಒಂದರ ಹಿಂದೊಂದು ಲೆಕ್ಕ ತುರುಕಿದೆ. ಸಾಗರದ ಬಸ್ಸಿನಲ್ಲೂ ತುರುಕಿದೆ. ಕೊನೆಗೆ ಅವಳಿಗೆ ಬಂದದ್ದೂ ಕಲಸಿಹೋಗಿ ಸುಮ್ಮನೆ ಕಿಟಕಿಯಿಂದ ಹೊರಗೆ ನೋಡತೊಡಗಿದಳು.

ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನಾನು ಮೊಬೈಲ್ ಹಿಡಿದು ಅಡುಗೆ ಕೋಣೆಗೆ ಹೋಗಿ ಹೇಳಿದೆ. ವೆಂಕಮ್ಮ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ.

“ಇವ್ಳಿಗೆ ತಲೆ ಇಲ್ಲ ಮೇಷ್ಟ್ರೇ. ನೀವು ಅಷ್ಟು ಕಷ್ಟಪಟ್ರಿ, ಸಾಗರದ್ ತನ್ಕ ಕರ್ಕಂಡ್ ಹೋದ್ರಿ. ನಮ್ ಹಣೆಬರ,” ಎಂದರು. ಲಿಖಿತಾ ಬಾಗಿಲ ಬಳಿ ನಿಂತಿದ್ದಳು.

ಆಗ ಬಾಯಿ ಬಿಡಬೇಕಿತ್ತು. ನಾಲ್ಕು ಮಾತು ಸಾಕಿತ್ತು. ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ಅಲ್ಲಿ ಮೂಕನಾದೆ. ಪಾಠ ಮಾಡದಿದ್ದದ್ದು ಸೋಮಾರಿತನ ಎಂದುಕೊಳ್ಳೋಣ, ಜನ ಕ್ಷಮಿಸಬಹುದು. ಆದರೆ ಆ ಮಾತನ್ನು ಅಲ್ಲೇ ತಡೆಯದೆ ಬಿಟ್ಟದ್ದಕ್ಕೆ ನನಗೆ ಹೆಸರೂ ಸಿಗುವುದಿಲ್ಲ, ಸಮರ್ಥನೆಯೂ ಸಿಗುವುದಿಲ್ಲ.

ಲಿಖಿತಾ ಆರನೇ ತರಗತಿಗೆ ಐದು ಕಿಲೋಮೀಟರ್ ದೂರದ ಶಾಲೆಗೆ ಸೇರಿದಳು. ನಾನು ನನ್ನ ಪಾಡಿಗೆ ಇದ್ದೆ. ಸೇತುವೆ ಆಯಿತು, ಲಾಂಚ್‌ಗೆ ಕಾಯುವ ಕೆಲಸ ತಪ್ಪಿತು. ಅವಳು ಏಳನೇ ತರಗತಿಯಲ್ಲಿದ್ದಾಗ, ಕಳೆದ ನವೆಂಬರಿನಲ್ಲಿ, ಆ ಶಾಲೆಗೆ ಹೊಸದಾಗಿ ಬಂದ ವನಮಾಲಾ ಟೀಚರ್ ಫೋನ್ ಮಾಡಿದರು.

“ಸರ್, ನಿಮ್ ಶಾಲೆಯಿಂದ ಬಂದ ಲಿಖಿತಾ ಅಂತ ಒಬ್ಳು ಇದಾಳಲ್ಲ. ಏನು ಕೇಳಿದ್ರೂ ‘ನಂಗೆ ಬರಲ್ಲ ಟೀಚರ್, ನಂಗೆ ತಲೆ ಇಲ್ಲ’ ಅಂತಾಳೆ. ಬರೆಸಿದ್ರೆ ಸರಿಯಾಗೇ ಬರೀತಾಳೆ. ನಿಮ್ಮಲ್ಲೂ ಹಿಂಗೇ ಇದ್ಲಾ?”

“ಇಲ್ಲ. ನಮ್ಮಲ್ಲಿ ಅವ್ಳು ಟೀಚರ್ ಆಗಿದ್ಲು,” ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಆ ವಾರವಿಡೀ ಅನ್ನ ರುಚಿಸಲಿಲ್ಲ. ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಅಡುಗೆ ಕೋಣೆಗೆ ಹೋದೆ. ವೆಂಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ವೆಂಕಮ್ಮ, ಲಿಖಿತಾಗೆ ತಲೆ ಇಲ್ಲ ಅನ್ನೋದು ಸುಳ್ಳು. ನಾನು ಅವ್ಳಿಗೆ ಪಾಠನೇ ಮಾಡಿರ್ಲಿಲ್ಲ. ಸಣ್ಣ ಮಕ್ಕಳ ಜೊತೆ ಕೂರ್ಸಿ ನಾನು ಆರಾಮಾಗಿದ್ದೆ. ಪರೀಕ್ಷೇಲಿ ಬಂದಿದ್ದು ಯಾವ್ದೂ ಅವ್ಳಿಗೆ ನಾನು ಹೇಳ್ಕೊಟ್ಟಿರ್ಲಿಲ್ಲ.”

ಅವರ ಕೈ ನಿಂತಿತು.

“ಎರಡ್ ವರ್ಷದಿಂದ ಆ ಹುಡ್ಗಿಗೆ ತಲೆ ಇಲ್ದೋಳು ಅಂತ ಬೈತಾ ಬಂದಿದೀನಿ ಮೇಷ್ಟ್ರೇ. ಇಲ್ಲೇ, ನಿಮ್ ಎದ್ರಿಗೇ ಬೈದಿದೀನಿ. ನೀವು ಅಲ್ಲಿ ಕೂತ್ಕಂಡು ಊಟ ಮಾಡ್ತಾ ಇದ್ರಿ.”

ನಾನು ಕೈಮುಗಿದೆ. ಅವರು ಮುಖ ಎತ್ತಲಿಲ್ಲ.

“ನಂಗ್ ಕೈ ಮುಗಿದ್ರೆ ಏನ್ ಬಂತು? ಅವ್ಳ ಹತ್ರ ಹೋಗಿ ಹೇಳಿ,” ಎಂದು ಮತ್ತೆ ಅಕ್ಕಿ ಆರಿಸತೊಡಗಿದರು.

ಅಲ್ಲಿಂದಲೇ ಅವರ ಮನೆಗೆ ನಡೆದೆ. ಲಿಖಿತಾ ಜಗಲಿಯ ಮೇಲೆ ಸೈಕಲ್ ಚೈನು ಸರಿ ಮಾಡುತ್ತಾ ಕೂತಿದ್ದಳು. ಕೈಯೆಲ್ಲ ಗ್ರೀಸು. ಎತ್ತರವಾಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅಜ್ಜಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಒಳ್ಳೊಳ್ಳೆಯ ಮಾತುಗಳೆಲ್ಲ ಮರೆತುಹೋಗಿದ್ದವು.

“ಗೊತ್ತು ಸರ್. ಅವತ್ತು ಲಾಂಚಲ್ಲೇ ಗೊತ್ತಾಯ್ತು,” ಎಂದಳು.

“ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅಜ್ಜಿ ನಿಮ್ ಹತ್ರ ಜಗಳ ಆಡಿ ಕೆಲ್ಸ ಬಿಡ್ತಿತ್ತು. ಸಣ್ಣೋರಿಗೆ ಅಡ್ಗೆ ಯಾರ್ ಮಾಡ್ತಿದ್ರು?” ಗ್ರೀಸಿನ ಕೈಯನ್ನು ಹಳೆಯ ಬಟ್ಟೆಗೆ ಒರೆಸಿಕೊಂಡಳು. “ಆಮೇಲೆ ದಿನಾ ಕೇಳಿ ಕೇಳಿ ಅಜ್ಜಿ ಹೇಳೋದೇ ನಿಜ ಅನ್ಸೋಕೆ ಶುರು ಆಯ್ತು.”

ಶನಿವಾರ ಭಾನುವಾರ ಬಂದು ಪಾಠ ಹೇಳಿಕೊಡುತ್ತೇನೆ, ಬಿಟ್ಟದ್ದನ್ನೆಲ್ಲ ಮಾಡಿಸುತ್ತೇನೆ ಎಂದೆ. ಧ್ವನಿ ಅಂಗಲಾಚಿದಂತಿತ್ತು.

“ಬೇಡ ಸರ್. ವನಮಾಲಾ ಟೀಚರ್ ಹೇಳ್ಕೊಡ್ತಾರೆ,” ಎಂದಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಆಮೇಲೆ ಏನೋ ನೆನಪಾದಂತೆ ಕೇಳಿದಳು, “ಸರ್, ಈಗ ಒಂದನೇ ಕ್ಲಾಸನ್ನ ಯಾರು ನೋಡ್ಕೊಳ್ತಾರೆ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ದೀಪಕ್,” ಎಂದೆ. ಅವನೀಗ ಮೂರನೇ ತರಗತಿ. ಚೆನ್ನಾಗಿ ಓದುತ್ತಾನೆ. ಜೂನಿನಿಂದ ಅವನನ್ನೇ ಸಣ್ಣವರ ಜೊತೆ ಕೂರಿಸಿದ್ದೆ.

ಲಿಖಿತಾ ಲಾಂಚಿನಲ್ಲಿ ನೋಡಿದಂತೆಯೇ ನನ್ನ ಮುಖ ನೋಡಿದಳು.

“ಅವ್ನಿಗೆ ಯಾವ್ ಯಾವ್ ಪಾಠ ಬಿಟ್ಟೋಗಿದೆ ಅಂತ ನೋಡಿದೀರಾ ಸರ್?”

“ಇಲ್ಲ,” ಎಂದೆ.

“ನೋಡಿ ಸರ್. ಅವ್ನು ನನ್ ತರ ಮೂರ್ ಸಲ ಬಂದು ಕೇಳಲ್ಲ. ಒಂದ್ಸಲ ನಾಳೆ ಅಂದ್ರೆ ಸುಮ್ನಾಗಿಬಿಡ್ತಾನೆ.”